ಕಡೆದ ಮರ ಕೆಟ್ಟದ್ದೆಲ್ಲಿ? ಮುಂಬೈ, ಪುಣೆ, ಗೋವಾ ಹವೆಗೆ ಹೊಂದುವ ದೋಷ ನಿವಾರಣೆ ಕೈಪಿಡಿ

ಬಟ್ಟಲು ಬಿರುಕು ಬಿಟ್ಟಿರಲಿ, ಡಬ್ಬಿಯ ಮುಚ್ಚಳ ಕಚ್ಚಿಕೊಂಡಿರಲಿ, ಪಾಲಿಶ್ ಮೇಲೆ ಬಿಳಿ ಮಬ್ಬು ಕವಿದಿರಲಿ, ಉಪಾಯ ಹುಡುಕುವ ಮೊದಲು ಆ ದೋಷ ಕಂಡದ್ದು ಯಾವಾಗ ಎಂದು ಗೊತ್ತುಮಾಡಿಕೊಳ್ಳಿ. ಉಳಿ ಮರಕ್ಕೆ ತಾಗಿರುವಾಗಲೇ ಕಂಡರೆ ತಪ್ಪು ಅಂಚಿನಲ್ಲೋ, ಯಂತ್ರದಲ್ಲೋ, ಕೈ ಓಡಿಸಿದ ದಿಕ್ಕಿನಲ್ಲೋ ಇದೆ. ಉಜ್ಜುವಾಗ ಕಂಡರೆ ಬಿಸಿ ಕಾರಣ, ಇಲ್ಲವೇ ಹಿಂದಿನ ಹಂತದಲ್ಲಿ ಉಳಿದುಹೋದ ಗೀರು. ಪಾಲಿಶ್ ಹಚ್ಚಿದ ಅರ್ಧ ಗಂಟೆಯೊಳಗೆ ಕಂಡರೆ ಗಾಳಿಯ ತೇವ. ಎರಡು ವಾರವೋ ಎರಡು ತಿಂಗಳೋ ಬಿಟ್ಟು ಕಂಡರೆ ಬಹುಪಾಲು ಮರದೊಳಗಿನ ನೀರೇ. ಮುಂಬೈ, ಗೋವಾ ಕಡೆ ಈ ನೀರು ಹೊರಗೆ ಹೋಗಲು ಒಲ್ಲದು. ಪುಣೆಯಲ್ಲಿ ಏಪ್ರಿಲ್ ಬಂತೆಂದರೆ ಅದು ಹೊರಡುವ ಅವಸರಕ್ಕೇ ಮರ ಸೀಳುತ್ತದೆ.

ಎರಡನೆಯ ಸುಳಿವು ಎಣಿಕೆ. ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ನಿಲ್ಲಿಸಿ, ತುಂಡನ್ನು ಕೈಯಿಂದ ಒಂದು ಸುತ್ತು ನಿಧಾನವಾಗಿ ತಿರುಗಿಸಿ, ದೋಷ ಇರುವಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಒಂದಕ್ಕೊಂದು ಎದುರಾಗಿ ಎರಡೇ ಕಡೆ ಇದ್ದರೆ ಅದು ಎಳೆಗೆ, ಅಂದರೆ ಮರದ ನಾರು ಓಡುವ ದಿಕ್ಕಿಗೆ, ಸಂಬಂಧಿಸಿದ್ದು. ಸಮ ಅಂತರದಲ್ಲಿ ನಾಲ್ಕು ಕಡೆ ಇದ್ದರೆ ಮರ ಹಿಡಿಯುವ ಚಕ್‌ನ ‘ಜಾ’ಗಳು (ದವಡೆಗಳು) ಅದುಮಿದ ಗುರುತು. ಒಂದೇ ಕಡೆ ಇದ್ದರೆ ತುಂಡು ಚಕ್‌ನಲ್ಲಿ ಜರುಗಿದೆ, ಇಲ್ಲವೇ ಅಲ್ಲೊಂದು ಗಂಟು ಇದೆ. ಸುತ್ತಲೂ ಓರೆಯಾಗಿ, ತಿರುಪಿನ ಸುರುಳಿಯ ಹಾಗೆ ಸಾಲು ಬಿದ್ದಿದ್ದರೆ ಮರ ಉಳಿಯ ಒತ್ತಡಕ್ಕೆ ಬಾಗಿ ನಡುಗಿದೆ. ಅಂಚಿಗೆ ಸಮಾನಾಂತರವಾಗಿ ಪೂರ್ತಿ ಸುತ್ತು ಬಂದ ಸಣ್ಣ ಗೀರುಗಳಾದರೆ ಸ್ಯಾಂಡ್ ಪೇಪರ್‌ನದು. ಈ ಎಣಿಕೆಗೆ ಒಂದು ನಿಮಿಷ ಸಾಕು. ಅದನ್ನು ಮಾಡದೆ ಉಳಿಗೆ ಸಾಣೆ ಹಿಡಿಯುತ್ತಾ ಕೂತವರೇ ಹೆಚ್ಚು.

ಲೇತ್ ಅದುರಿದರೆ

ಚಕ್ ಸಹಿತ ಎಲ್ಲವನ್ನೂ ಬಿಚ್ಚಿ, ಬರೀ ಸ್ಪಿಂಡಲ್ (ಚಕ್ ಕೂರುವ ತಿರುಗುವ ದಂಡ) ಓಡಿಸಿ. ಆಗಲೂ ಅದುರಿದರೆ ಕಾರಣ ಬೆಲ್ಟ್, ಪುಲ್ಲಿ, ಬೇರಿಂಗ್ ಅಥವಾ ಕಾಲು. ಬೆಲ್ಟ್ ಕಳಚಿ ಸ್ಪಿಂಡಲ್ ಅನ್ನು ಬೆರಳಲ್ಲಿ ತಿರುಗಿಸಿ: ಮರಳು ಸಿಕ್ಕಿದಂತೆ ಕರಕರ ಎಂದರೆ ಬೇರಿಂಗ್ ಹೋಗಿದೆ. ಅದರ ನಂಬರ್ ಪಕ್ಕದಲ್ಲೇ ಕೊರೆದಿರುತ್ತದೆ. ಮುಂಬೈಯಲ್ಲಾದರೆ ಹಳೆಯದನ್ನೇ ಜೇಬಿಗೆ ಹಾಕಿಕೊಂಡು ನಾಗ್‌ದೇವಿ ಸ್ಟ್ರೀಟ್‌ಗೆ ಹೋಗುವುದು ಸುಲಭ. ಲೋಹದ ಮುಚ್ಚಳದ ಬೇರಿಂಗ್‌ಗಿಂತ ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ ತನ್ನಿ. ಸಣ್ಣ ಹೊಟ್ಟೂ ಉಪ್ಪುಗಾಳಿಯೂ ಒಳಗೆ ಹೋಗದಂತೆ ತಡೆಯುವುದು ಅದೇ. ಫ್ಲ್ಯಾಟ್‌ನ ಬಾಲ್ಕನಿಯಲ್ಲಿ, ಟೈಲ್ಸ್ ಮೇಲೆ ಲೇತ್ ಇಟ್ಟವರು ನಾಲ್ಕೂ ಕಾಲಿನಡಿ ಒಂದೊಂದು ಕಾಗದದ ಚೂರು ತೂರಿಸಿ ನೋಡಿ. ಯಾವುದು ಸಲೀಸಾಗಿ ಜಾರಿಬರುತ್ತದೋ ಆ ಕಾಲು ನೆಲ ಮುಟ್ಟಿಲ್ಲ.

ಬರೀ ಸ್ಪಿಂಡಲ್ ಸುಮ್ಮನೆ ಓಡಿದರೆ ಚಕ್ ಹಾಕಿ ಓಡಿಸಿ. ಈಗ ಅದುರು ಶುರುವಾದರೆ ಸ್ಪಿಂಡಲ್‌ನ ತಿರುಪು ಸುರುಳಿಯಲ್ಲೋ ಚಕ್ ಕೂರುವ ಭುಜದಲ್ಲೋ ಹೊಟ್ಟು ಗಟ್ಟಿಯಾಗಿ ಕೂತಿದೆ. ಹಳೆ ಟೂತ್‌ಬ್ರಷ್, ಒಂದಿಷ್ಟು ಸೀಮೆಎಣ್ಣೆ ಸಾಕು. ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ಇರುವವರಿಗೆ ಒಂದು ಲೆಕ್ಕ: ಸ್ಪಿಂಡಲ್‌ನ ಭುಜದ ಹತ್ತಿರ ಮುಳ್ಳು 0.05 ಮಿಮೀಗಿಂತ ಹೆಚ್ಚು ಆಡಬಾರದು.

ಮರ ಹಾಕಿದ ಮೇಲಷ್ಟೇ ಅದುರಿದರೆ ವೇಗ ಅಥವಾ ಹಿಡಿತ ತಪ್ಪಿದೆ. ವೇಗಕ್ಕೆ ರೂಢಿಯ ಸೂತ್ರವೊಂದಿದೆ: ಇಂಚಿನಲ್ಲಿ ವ್ಯಾಸವನ್ನು ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕು. 10 ಇಂಚಿನ ಬಟ್ಟಲಿಗೆ 600ರಿಂದ 900, 4 ಇಂಚಿನದಕ್ಕೆ 1500ರಿಂದ 2250. ಇದು ದುಂಡಗಾದ ಮೇಲಿನ ಮಾತು. ಗರಗಸದಿಂದ ಬಂದ ಓರೆಕೋರೆ ತುಂಡನ್ನು ಇದರ ಅರ್ಧ ವೇಗದಲ್ಲಿ ಶುರುಮಾಡಿ, ಟೇಲ್‌ಸ್ಟಾಕ್ (ಲೇತ್‌ನ ಇನ್ನೊಂದು ತುದಿಯ ಆಸರೆ) ಒತ್ತಿ ಹಿಡಿದಿರಲಿ. ಸ್ಥಳೀಯವಾಗಿ ಮಾಡಿಸಿದ, 1440 ಆರ್‌ಪಿಎಂ ಮೋಟರ್ ಕೂರಿಸಿದ ಲೇತ್‌ಗಳಲ್ಲಿ ಅತಿ ಕಡಿಮೆ ವೇಗವೇ ಕೆಲವೊಮ್ಮೆ 700 ದಾಟಿರುತ್ತದೆ. ಅಂಥದರಲ್ಲಿ 12 ಇಂಚಿನ ಸಮತೂಕವಿಲ್ಲದ ಗಟ್ಟಿ ಹಾಕುವುದು ಧೈರ್ಯವಲ್ಲ, ಹುಂಬತನ. ಪುಲ್ಲಿ ಬದಲಿಸಿ, ಇಲ್ಲವೇ ಚಿಕ್ಕದು ಕಡೆಯಿರಿ.

ಹಿಡಿತದ ವಿಷಯ. ಚಕ್ ಕಚ್ಚುವ ಟೆನನ್ (ತುಂಡಿನ ತಳದಲ್ಲಿ ಬಿಟ್ಟ ದುಂಡು ಗೂಟ) 6ರಿಂದ 8 ಮಿಮೀ ಉದ್ದ ಇರಲಿ. ಅದರ ತಳ ಚಕ್‌ನ ತಳಕ್ಕೆ ತಾಗಲೇಕೂಡದು. ತಾಗಿದರೆ ಬಟ್ಟಲಿನ ಭುಜ ಜಾಗಳ ಮುಖಕ್ಕೆ ಒರಗದೆ ತೇಲುತ್ತದೆ, ಹತ್ತು ನಿಮಿಷದಲ್ಲಿ ಸಡಿಲಾಗುತ್ತದೆ. ಜಾಗಳು ಬಹುತೇಕ ಮುಚ್ಚಿ ಪೂರ್ಣ ವೃತ್ತವಾಗುವ ಅಳತೆಯಲ್ಲೇ ಹಿಡಿತ ಬಿಗಿ. ಸಾಮಾನ್ಯ 50 ಮಿಮೀ ಜಾಗಳಿಗೆ 50ರಿಂದ 55 ಮಿಮೀ ಟೆನನ್ ಸರಿ. ಅದನ್ನೇ 70ಕ್ಕೆ ಅಗಲಿಸಿದರೆ ಜಾಗಳ ಮೂಲೆಗಳಷ್ಟೇ ಮರ ಕಚ್ಚುತ್ತವೆ.

ಉದ್ದನೆಯ ತೆಳು ಕೆಲಸ ಬೇರೆ. 400 ಮಿಮೀ ಉದ್ದ, 25 ಮಿಮೀ ದಪ್ಪದ ಲಟ್ಟಣಿಗೆ ಎಂದರೆ ಉದ್ದ ದಪ್ಪದ 16 ಪಟ್ಟು. ಹತ್ತು ಪಟ್ಟು ದಾಟಿತೆಂದರೆ ಮರ ನಡುವೆ ಬಾಗುತ್ತದೆ, ಓರೆ ಸಾಲು ಬೀಳುತ್ತದೆ. ಆಗ ಎಲ್ಲರೂ ಟೇಲ್‌ಸ್ಟಾಕ್ ಇನ್ನಷ್ಟು ಬಿಗಿಯುತ್ತಾರೆ. ಬಿಗಿದಷ್ಟೂ ಬಾಗು ಹೆಚ್ಚು. ಕಾಲು ಸುತ್ತು ಸಡಿಲಿಸಿ, ಎಡಗೈ ಬೆರಳನ್ನು ಮರದ ಹಿಂದೆ ಹಗುರಾಗಿ ಆನಿಸಿ, ಉಳಿಗೆ ಸಾಣೆ ಹಿಡಿದು ತೆಳುವಾಗಿ ತೆಗೆಯಿರಿ. ಬೆರಳು ಸುಟ್ಟಂತಾದರೆ ನೀವು ಉಳಿಯನ್ನು ಅಗತ್ಯಕ್ಕಿಂತ ಹೆಚ್ಚು ಒತ್ತುತ್ತಿದ್ದೀರಿ ಎಂದೇ ಅರ್ಥ.

ಎಳೆ ಕಿತ್ತುಬಂದರೆ

ಒಂದು ಸುತ್ತಿನಲ್ಲಿ ಎರಡು ಕಡೆ ಒರಟು ತೇಪೆ, ಕೈಗೆ ತರಿತರಿ, ಎಣ್ಣೆ ಹಚ್ಚಿದರೆ ಕಪ್ಪಾಗಿ ಕಾಣುವ ಕಲೆ. ಮರ ಕಡೆಯುವವರನ್ನು ಅತಿ ಹೆಚ್ಚು ಕಾಡುವುದು ಇದೇ. ಹಲಗೆಯಿಂದ ಕೊಯ್ದ ಬಟ್ಟಲಿನಲ್ಲಿ ಎಳೆ ಅಡ್ಡ ಮಲಗಿರುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಉಳಿ ಎರಡು ಬಾರಿ ಎಳೆಯ ಬದಿಯನ್ನೂ ಎರಡು ಬಾರಿ ಎಳೆಯ ತುದಿಯನ್ನೂ ದಾಟುತ್ತದೆ. ಹಿಡಿಸೂಡಿಯ ಕಟ್ಟನ್ನು ಯೋಚಿಸಿ: ಕಟ್ಟಿದ ಕಡೆಯಿಂದ ಕತ್ತಿ ಹಾಕಿದರೆ ಕಡ್ಡಿಗಳು ನೀಟಾಗಿ ತುಂಡಾಗುತ್ತವೆ, ಬಿಡಿ ತುದಿಗೆ ಹಾಕಿದರೆ ಒಂದೊಂದೂ ಬಾಗಿ ಕಿತ್ತುಬರುತ್ತದೆ. ಬೆನ್ನಿಗೆ ಇನ್ನೊಂದು ಎಳೆ ಆಸರೆಯಾಗಿ ನಿಂತಿರುವ ದಿಕ್ಕಿನಲ್ಲೇ ಉಳಿ ಓಡಬೇಕು.

ಹೀಗಾಗಿ ಹಲಗೆ ಬಟ್ಟಲಿನ ಹೊರಮೈಯನ್ನು ಪಾದದಿಂದ ಬಾಯಿಯ ಕಡೆಗೆ, ಅಂದರೆ ಚಿಕ್ಕ ವ್ಯಾಸದಿಂದ ದೊಡ್ಡದಕ್ಕೆ ಕಡೆಯಬೇಕು. ಒಳಮೈಯನ್ನು ಬಾಯಿಯಿಂದ ತಳದ ಕಡೆಗೆ. ಲಟ್ಟಣಿಗೆ, ಮಂಚದ ಕಾಲು, ತೊಟ್ಟಿಲ ಗೂಟದಂಥ ಎಳೆಯುದ್ದದ ಕೆಲಸಕ್ಕೆ ಹೊರಮೈಯಲ್ಲಿ ಇದರ ಉಲ್ಟಾ: ದಪ್ಪದಿಂದ ಸಣ್ಣಕ್ಕೆ. ಮಂಚದ ಕಾಲು ಕಡೆದು ಪಳಗಿದ ಬಡಗಿ ಬಟ್ಟಲಿಗೆ ಕೈ ಹಾಕಿದಾಗ ಮೊದಲು ಎಡವುವುದು ಇಲ್ಲೇ. ಕೈ ಅಭ್ಯಾಸಬಲದಿಂದ ಬಾಯಿಯಿಂದ ಪಾದಕ್ಕೆ ಇಳಿಯುತ್ತದೆ.

ದಿಕ್ಕು ಸರಿಯಿದ್ದೂ ಕಿತ್ತುಬಂದರೆ ಅಂಚು ನೋಡಿ. ಟ್ಯೂಬ್‌ಲೈಟ್ ಕೆಳಗೆ ಅಂಚನ್ನು ಕಣ್ಣಿಗೆ ನೇರ ಹಿಡಿಯಿರಿ. ಚೂಪಾದ ಅಂಚು ಬೆಳಕನ್ನು ಮರಳಿಸುವುದಿಲ್ಲ. ಬಿಳಿ ಗೆರೆ ಮಿನುಗಿದಲ್ಲೆಲ್ಲ ಅದು ಮೊಂಡಾಗಿದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಅಂಚು ಬೇಗ ಸವೆಯುತ್ತದೆ. ಕೊನೆಯ ಸುತ್ತಿಗೆ ಮುಂಚೆ ಮತ್ತೊಮ್ಮೆ ಸಾಣೆ ಹಿಡಿಯದಿದ್ದರೆ ತೇಗ ಕೈಕೊಡುವುದು ಖಂಡಿತ. ಬಟ್ಟಲಿನ ಗೌಜ್‌ಗೆ (ತೋಡು ಇರುವ ಉಳಿ) 55ರಿಂದ 60 ಡಿಗ್ರಿ ಬೆವೆಲ್ (ಅಂಚಿನ ಇಳಿಜಾರು) ಒಳಗೂ ಹೊರಗೂ ನಡೆಯುತ್ತದೆ. ಹೊರಮೈಯ ಅಂತಿಮ ಸುತ್ತಿಗೆ ಮಾತ್ರ 40 ಡಿಗ್ರಿಯದೊಂದು ಬೇರೆ ಇಟ್ಟುಕೊಂಡರೆ ಮಾವು, ಮಳೆಮರದಂಥ ಮೆದು ಎಳೆಯಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಅದಕ್ಕೂ ಬಗ್ಗದ ತೇಪೆಗೆ ಮೂರನೆಯ ದಾರಿ: ಆ ಎರಡು ಜಾಗಕ್ಕಷ್ಟೇ ತೆಳು ಅರಗಿನ ಪಾಲಿಶ್ ಅಥವಾ ನೀರು ಸವರಿ. ಪಾಲಿಶ್ ಆದರೆ ಹದಿನೈದು ನಿಮಿಷ ಒಣಗಲು ಬಿಡಿ. ಎಳೆಗಳು ಬಿಗಿಯಾಗುತ್ತವೆ. ಆಮೇಲೆ ಸ್ಕ್ರೇಪರ್ (ಕೆರೆಯುವ ಚಪ್ಪಟೆ ಉಳಿ) ಅನ್ನು ಟೂಲ್ ರೆಸ್ಟ್ (ಉಳಿ ಆನಿಸುವ ಪಟ್ಟಿ) ಮೇಲೆ ಚಪ್ಪಟೆ ಇಡದೆ 45 ಡಿಗ್ರಿ ವಾಲಿಸಿ, ಕೂದಲೆಳೆಯಷ್ಟು ಮಾತ್ರ ತೆಗೆಯಿರಿ. ಬರುವ ಸಿಪ್ಪೆ ಹತ್ತಿಯಷ್ಟು ಹಗುರಿದ್ದರೆ ಸರಿ, ಪುಡಿ ಬಂದರೆ ಅಂಚು ಹೋಗಿದೆ. ಈ ತೇಪೆಯನ್ನು ಸ್ಯಾಂಡ್ ಪೇಪರ್‌ನಿಂದ ಹೋಗಲಾಡಿಸುವ ಹಟ ಬೇಡ. ಸುತ್ತಲಿನ ಮೆದು ಭಾಗ ಮೊದಲು ಸವೆದು ಬಟ್ಟಲು ಅಂಡಾಕಾರವಾಗುತ್ತದೆ, ತೇಪೆ ಅಲ್ಲೇ ಇರುತ್ತದೆ.

ಉಳಿ ಕಚ್ಚಿದರೆ

ದಡ್ ಎಂದು ಶಬ್ದ, ಮರದಲ್ಲಿ ಆಳದ ಗಾಯ. ಗೌಜ್‌ನಲ್ಲಿ ಹೀಗಾದರೆ ಬಹುಪಾಲು ಅದರ ತೋಡು ಆಕಾಶ ನೋಡುತ್ತಿತ್ತು, ಆಸರೆಯಿಲ್ಲದ ಮೇಲಂಚು ಮರಕ್ಕೆ ಸಿಕ್ಕಿತು. ಬಟ್ಟಲಿನೊಳಗೆ ಕಡಿತ ಶುರುಮಾಡುವಾಗ ತೋಡು ಗಡಿಯಾರದ ಮೂರು ಗಂಟೆಯ ಕಡೆ ತಿರುಗಿರಲಿ, ಬೆವೆಲ್ ಮರಕ್ಕೆ ಒರಗಿದ ಮೇಲೆ ನಿಧಾನವಾಗಿ ಹೊರಳಿಸಿ. ಸ್ಕ್ಯೂ (ಓರೆ ಅಂಚಿನ) ಉಳಿಯಲ್ಲಾದರೆ ಅಂಚಿನ ನಡುಭಾಗಕ್ಕಿಂತ ಮೇಲೆ, ಉದ್ದ ಮೂಲೆಯ ಹತ್ತಿರ ಕಡಿದಿದ್ದೀರಿ. ಟೂಲ್ ರೆಸ್ಟ್ ಮರದಿಂದ 10 ಮಿಮೀಗಿಂತ ದೂರ ಸರಿದಿದ್ದರೂ ಇದೇ ಗತಿ. ಕಚ್ಚಿದ ಮೇಲೆ ಲೇತ್ ನಿಲ್ಲಿಸಿ, ತುಂಡು ಜರುಗಿದೆಯೇ, ಟೆನನ್ ಬುಡದಲ್ಲಿ ಗೆರೆ ಬಿದ್ದಿದೆಯೇ ನೋಡಿ. ಬೆರಳ ಗೆಣ್ಣಿನಿಂದ ತಟ್ಟಿ: ಟಣ್ ಎಂದರೆ ಗಟ್ಟಿ, ಬೊದ್ದು ಶಬ್ದ ಬಂದರೆ ಒಳಗೆ ಸೀಳಿದೆ. ಸೀಳಿದ್ದನ್ನು ಮತ್ತೆ ತಿರುಗಿಸಬೇಡಿ. ಮತ್ತೆ ಚಾಲೂ ಮಾಡುವಾಗ ಮುಖಕ್ಕೆ ಫೇಸ್ ಶೀಲ್ಡ್ ಇರಲಿ, ನೀವು ತುಂಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ.

ಉಜ್ಜಿದ ಮೇಲೆ ಗೀರು, ಕೂದಲು ಬಿರುಕು

ಸ್ಯಾಂಡ್ ಪೇಪರ್‌ನ 80, 120, 180, 240, 320 ಎಂಬ ಸರಣಿಯಲ್ಲಿ (ಅಂಕಿ ಏರಿದಷ್ಟೂ ನುಣುಪು) ಒಂದನ್ನು ಹಾರಿಸಿದರೂ ಅದರ ಗೀರು ಎಣ್ಣೆ ಬಿದ್ದ ಮೇಲೆಯೇ ಕಾಣುತ್ತದೆ. ಪ್ರತಿ ಹಂತ ಮುಗಿದಾಗ ಲೇತ್ ನಿಲ್ಲಿಸಿ ಎಳೆಯುದ್ದಕ್ಕೆ ಕೈಯಲ್ಲೇ ಹತ್ತು ಬಾರಿ ಉಜ್ಜಿ, ಬಟ್ಟೆಯಿಂದ ಪುಡಿ ಒರೆಸಿ. ಹಿಂದಿನ ಪೇಪರ್‌ನ ಒಂದು ಕಣ ಉಳಿದರೂ ಮುಂದಿನದು ಅದನ್ನೇ ಎಳೆದಾಡುತ್ತದೆ. ವೇಗ ಕಡೆಯುವಾಗಿನ ಅರ್ಧಕ್ಕೆ ಇಳಿಸಿ. ಬೆರಳಿಗೆ ಬಿಸಿ ತಡೆಯಲಾಗದಷ್ಟಾದರೆ ಎಳೆತುದಿಯಲ್ಲಿ ಕೂದಲಿನಂಥ ಬಿರುಕುಗಳು ಏಳುತ್ತವೆ. ಬೀಟೆಯಂಥ ದಟ್ಟ, ಎಣ್ಣೆಯುಳ್ಳ ಮರದಲ್ಲಿ ಇದು ಬಲು ಬೇಗ, ಮತ್ತು ಆ ಬಿರುಕಿಗೆ ಮದ್ದಿಲ್ಲ, ಅಷ್ಟು ದಪ್ಪ ಕಡೆದು ತೆಗೆಯಬೇಕು. ಬೀಟೆಯ ಪುಡಿ ಹಲವರಿಗೆ ಚರ್ಮದ ಮೇಲೆ ತುರಿಕೆ ತರುತ್ತದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಮಾಸ್ಕ್ ಬೇಕು.

ವಾರಗಳ ಮೇಲೆ ಬಂದ ಬಿರುಕು

ಮರದ ನೀರು ಸುಮಾರು ಶೇ. 28–30ಕ್ಕಿಂತ ಕೆಳಗಿಳಿದ ಮೇಲಷ್ಟೇ ಮರ ಕುಗ್ಗತೊಡಗುತ್ತದೆ. ಕುಗ್ಗುವುದೂ ಎಲ್ಲ ಕಡೆ ಒಂದೇ ಸಮ ಅಲ್ಲ. ವರ್ಷದುಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗಿಗಿಂತ ಸರಿಸುಮಾರು ಎರಡು ಪಟ್ಟು. ತೇಗಕ್ಕೆ ಸಾಮಾನ್ಯವಾಗಿ ಕೊಡುವ ಲೆಕ್ಕ ಶೇ. 5.8 ಮತ್ತು ಶೇ. 2.5, ಹಸಿಯಿಂದ ಪೂರ್ತಿ ಒಣಗುವವರೆಗೆ. ನಡುತಿರುಳು ಒಳಗೇ ಉಳಿದ ತುಂಡು ಈ ಎಳೆದಾಟವನ್ನು ತಡೆಯಲಾರದೆ ತಿರುಳಿನಿಂದಲೇ ಸೀಳುತ್ತದೆ. ಆದ್ದರಿಂದ ಬಿರುಕು ಎಲ್ಲಿಂದ ಹೊರಟಿದೆ ನೋಡಿ. ತಿರುಳಿನಿಂದ ಹೊರಟಿದ್ದರೆ ಕೊಯ್ದದ್ದೇ ತಪ್ಪು: ದಿಮ್ಮಿಯನ್ನು ಸೀಳುವಾಗ ತಿರುಳಿನ ಎರಡೂ ಕಡೆ 15–20 ಮಿಮೀ ಬಿಟ್ಟು ಕೊಯ್ಯಿಸಬೇಕಿತ್ತು. ಎಳೆತುದಿಯ ಅಂಚಿನಿಂದ ಹೊರಟಿದ್ದರೆ ತುದಿ ಬೇಗ ಒಣಗಿದೆ, ಮೇಣ ಬಳಿದಿರಲಿಲ್ಲ. ತಳದಲ್ಲಿ ಬಂದಿದ್ದರೆ ತಳ ಗೋಡೆಗಿಂತ ದಪ್ಪ ಉಳಿದಿತ್ತು.

ಹಸಿ ಮರಕ್ಕೆ ಎರಡು ಬಾರಿ ಕಡೆಯುವುದೇ ದಾರಿ. ಮೊದಲ ಒರಟು ಕಡೆತದಲ್ಲಿ ಗೋಡೆಯೂ ತಳವೂ ವ್ಯಾಸದ ಹತ್ತನೇ ಒಂದು ಭಾಗ ಇರಲಿ: 10 ಇಂಚಿಗೆ 1 ಇಂಚು. ಎಳೆತುದಿಗೆ ಕರಗಿಸಿದ ಮೇಣ ಬಳಿಯಿರಿ, ತಳದ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು, ತೂಕ ಬರೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ. ಸತತ ಮೂರು ವಾರ ತೂಕ ಇಳಿಯದಿದ್ದರೆ ಮರ ಆ ಕೋಣೆಯ ಹವೆಗೆ ಹೊಂದಿದೆ.

ಇಲ್ಲಿಂದ ಮುಂದೆ ಊರು ನೋಡಿ ನಡೆಯಬೇಕು. ಪುಣೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಗಾಳಿ ತೀರಾ ಒಣ. ಒರಟು ಬಟ್ಟಲನ್ನು ಎರಡು ಪದರ ಕಾಗದದ ಚೀಲದಲ್ಲಿ ಕಟ್ಟಿ, ಮುಚ್ಚಿದ ಕಪಾಟಿನಲ್ಲಿಡಿ. ಫ್ಯಾನ್ ಗಾಳಿ ತಾಗಬಾರದು. ಮುಂಬೈ, ಮಡಗಾಂವ್‌ಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಚೀಲ ಬೂಸ್ಟಿನ ಗೂಡಾಗುತ್ತದೆ. ಚೀಲ ತೆಗೆದು, ನಡುವೆ ಪಟ್ಟಿ ಕೊಟ್ಟು ಜೋಡಿಸಿ, ಕೋಣೆಯಲ್ಲಿ ಫ್ಯಾನ್ ಓಡಲಿ, ನೇರ ಬಟ್ಟಲಿಗೆ ಬೇಡ. ಮಾವಿನ ಬಿಳಿ ಭಾಗಕ್ಕೆ ಮಳೆಗಾಲದಲ್ಲಿ ನೀಲಿ ಕಲೆ ಬಹುಬೇಗ ಇಳಿಯುತ್ತದೆ. ಕಡಿದ ವಾರದಲ್ಲೇ ಒರಟು ಕಡೆದು ಮುಗಿಸಿದರೆ ಬಣ್ಣ ಉಳಿಯುತ್ತದೆ. ಕೆಲವರಿಗೆ ಆ ನೀಲಿ ಗೆರೆಯೇ ಚಂದ, ಅದು ಬೇರೆ ಮಾತು.

ಅಂಗಡಿಯವರು ‘ಸೂಖಾ’ (ಒಣಗಿದ್ದು) ಎಂದದ್ದನ್ನು ಹಾಗೇ ನಂಬಬೇಡಿ. ಮುಂಬೈಯ ರೇ ರೋಡ್‌ನಲ್ಲಾಗಲಿ ಪುಣೆಯ ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಲ್ಲಾಗಲಿ ಮೊನಚು ಕಡ್ಡಿಯ ಮಾಪಕವನ್ನು ಹೊರಮೈಗೆ ಚುಚ್ಚಿದರೆ ಒಣಗಿದ ಸಿಪ್ಪೆಯ ಅಂಕಿ ಬರುತ್ತದೆ. ತುದಿಯಿಂದ ಒಂದು ಗೇಣು ಒಳಗೆ ಕೊಯ್ಯಿಸಿ ಹೊಸ ಮುಖಕ್ಕೆ ಚುಚ್ಚಿ. ಮಾಪಕ ಇಲ್ಲದಿದ್ದರೆ 20 ಮಿಮೀ ಬಿಲ್ಲೆ ತಂದು ತೂಗಿ, ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. 130 ಗ್ರಾಂ ಇದ್ದದ್ದು 104ಕ್ಕೆ ನಿಂತರೆ ಕಳೆದ 26 ಗ್ರಾಂ ಅನ್ನು 104ರಿಂದ ಭಾಗಿಸಿ: ಶೇ. 25. ಅದು ಒಣ ಮರವಲ್ಲ. ಹೆಸರಿನ ವಿಷಯಕ್ಕೂ ಎಚ್ಚರ: ಅಲ್ಲಿ ಫಣಸ್ ಎಂದರೆ ಹಲಸು, ಶಿಸವ ಎಂದರೆ ನಮ್ಮ ಬೀಟೆ, ಸಾಗವಾನ್ ತೇಗ.

ಮೊದಲ ಬಾರಿ ಹಸಿ ಮರ ಕಡೆಯುವವರಿಗೆ ಮಳೆಮರವೇ ಒಳ್ಳೆಯದು. ಕುಗ್ಗುವುದು ಬಹಳ ಕಡಿಮೆ, ಕೆಚ್ಚಿನ (ನಡುವಿನ ಗಟ್ಟಿ ಮರದ) ಕಂದು ಬಣ್ಣಕ್ಕೂ ಹೊರಗಿನ ಬಿಳಿ ಪಟ್ಟಿಗೂ ಹೊಂದಾಣಿಕೆ ಸೊಗಸು. ಮುಂಬೈ ರಸ್ತೆಗಳ ಬದಿಯಲ್ಲಿ ಮಳೆಗಾಲದಲ್ಲಿ ಕೊಂಬೆ ಉರುಳುವುದೂ ಇದರದೇ. ಆದರೆ ನಗರದ ಮರ ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ, ಗೋವಾದ್ದು ಅಲ್ಲಿನ 1984ರ ಕಾಯ್ದೆಯಡಿ ಬರುತ್ತದೆ. ಬಿದ್ದ ಕೊಂಬೆಯಾದರೂ ಕೇಳಿಯೇ ಒಯ್ಯಿರಿ.

ಬಂದ ಬಿರುಕು ಉಗುರಿಗೆ ಸಿಗದಷ್ಟು ಸಣ್ಣದಿದ್ದರೆ ಸುತ್ತ ಮೊದಲು ಅರಗಿನ ಪಾಲಿಶ್ ಸವರಿ, ಆಮೇಲೆ ನೀರಿನಂಥ ತೆಳು ಸೂಪರ್ ಗ್ಲೂ ಇಳಿಬಿಡಿ. ಪಾಲಿಶ್ ಇಲ್ಲದೆ ಗ್ಲೂ ಹಾಕಿದರೆ ಎಳೆಯೊಳಗೆ ಹರಡಿ ಮಾಯದ ಕಲೆಯಾಗುತ್ತದೆ. ಅದುಮಿದರೆ ಬಾಯಿ ಬಿಡುವ ಬಿರುಕನ್ನು ಅಂಟಿಸಿ ತಿರುಗಿಸುವ ಸಾಹಸ ಬೇಡ.

ಜುಲೈಯಲ್ಲಿ ಕಚ್ಚುವ, ಏಪ್ರಿಲ್‌ನಲ್ಲಿ ಬೀಳುವ ಮುಚ್ಚಳ

ಕುಂಕುಮದ ಡಬ್ಬಿ, ಮಸಾಲೆ ಡಬ್ಬಿ ಮಾಡಿ ಊರಿಗೆ ಕಳಿಸುವವರ ದೂರು ಇದು: ಠಾಣೆಯಲ್ಲಿ ಪಟ್ ಎಂದು ಕೂರುತ್ತಿದ್ದ ಮುಚ್ಚಳ ಕಲಬುರಗಿಗೆ ಹೋದ ಮೇಲೆ ತೆಗೆಯಲು ಬರದು, ಇಲ್ಲವೇ ಉದುರುತ್ತದೆ. ಗಾಳಿಯ ತೇವ ಶೇ. 80–85 ಇರುವ ಕಡೆ ಮರ ಸುಮಾರು ಶೇ. 16–18 ನೀರಿನಲ್ಲಿ ನಿಲ್ಲುತ್ತದೆ. ತೇವ ಶೇ. 30–40ಕ್ಕೆ ಇಳಿದ ಕಡೆ ಶೇ. 6–8ಕ್ಕೆ. 80 ಮಿಮೀ ವ್ಯಾಸದ ತೇಗದ ಡಬ್ಬಿ ಶೇ. 16ರಿಂದ 8ಕ್ಕೆ ಇಳಿದರೆ ಉಂಗುರದ ಗುಂಟ ಸುಮಾರು 1.3 ಮಿಮೀ, ಅದಕ್ಕೆ ಅಡ್ಡಲಾಗಿ 0.6 ಮಿಮೀ ಕುಗ್ಗುತ್ತದೆ. ಅಂದರೆ ಬಾಯಿ ಮುಕ್ಕಾಲು ಮಿಮೀ ಅಂಡಾಕಾರ. ಡಬ್ಬಿಯೂ ಮುಚ್ಚಳವೂ ಒಟ್ಟಿಗೆ ಅಂಡಾಕಾರವಾದರೂ ನೀವು ಮುಚ್ಚಳ ತಿರುಗಿಸಿ ಇಟ್ಟರೆ ಒಂದರ ಅಗಲ ಇನ್ನೊಂದರ ಸಣ್ಣಕ್ಕೆ ಬಂದು ಕಚ್ಚುತ್ತದೆ.

ಪರೀಕ್ಷೆ ಸುಲಭ. ಎಳೆ ಸರಿಹೊಂದುವಂತೆ ಮುಚ್ಚಳ ತಿರುಗಿಸಿ ಒತ್ತಿ. ಕೂತರೆ ಅಂಡಾಕಾರವೇ ದೋಷ. ಯಾವ ದಿಕ್ಕಿಗೂ ಕೂರದಿದ್ದರೆ ಒಂದು ಭಾಗ ಮಾತ್ರ ಒಣಗಿದೆ: ಬಹುಶಃ ಒಳಗೆ ಎಣ್ಣೆ ಹಚ್ಚದೆ ಹೊರಗಷ್ಟೇ ಹಚ್ಚಿದ್ದಾರೆ.

ಹೊಸದು ಮಾಡುವಾಗ ಡಬ್ಬಿ, ಮುಚ್ಚಳ ಎರಡನ್ನೂ ಒಂದೇ ತುಂಡಿನಿಂದ ಒರಟು ಕಡೆದು, ಬೇರೆ ಮಾಡಿ, ಎರಡು ಮೂರು ವಾರ ಬಿಡಿ. ಮುಚ್ಚಳದೊಳಗೆ ಇಳಿಯುವ ಕತ್ತು 4–5 ಮಿಮೀ ಎತ್ತರ ಸಾಕು. ಉದ್ದ ಕತ್ತು ಎಂದರೆ ಉದ್ದಕ್ಕೂ ಉಜ್ಜಾಟ. ದೂರದ ಊರಿಗೆ ಹೋಗುವ ಡಬ್ಬಿಗೆ ಪಟ್ ಎನ್ನುವ ಬಿಗಿ ಬೇಡ, ಸಡಿಲವಾಗಿ ಇಳಿಯುವ ಮುಚ್ಚಳ ಮಾಡಿ. ಜುಲೈಯಲ್ಲಿ ತೂಕ ತುಸು ಏರಿರುವ ಮರವನ್ನು ಆಗಲೇ ಅಂತಿಮ ಕಡೆತಕ್ಕೆ ಹಾಕದೆ ಡಿಸೆಂಬರ್‌ವರೆಗೆ ಕಾದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಮರ ಚಂದವಿತ್ತು, ಬಟ್ಟಲು ಸಪ್ಪೆಯಾಯಿತು

ಇದನ್ನು ದೋಷವೆಂದು ಯಾರೂ ಹೇಳುವುದಿಲ್ಲ, ಆದರೆ ಬಹಳ ಒಳ್ಳೆಯ ಹಲಸು, ಬೀಟೆ ಹೀಗೇ ಹಾಳಾಗಿವೆ. ತುಂಡನ್ನು ಯಾವ ಕಡೆ ಮೇಲೆ ಮಾಡಿ ಕೂರಿಸಿದಿರಿ ಎಂಬುದರ ಮೇಲೆ ಎಳೆಯ ಚಿತ್ರ ನಿಂತಿದೆ. ಬಟ್ಟಲಿನ ಬಾಯಿ ತೊಗಟೆಯ ಕಡೆಗಿದ್ದರೆ ಒಳತಳದಲ್ಲಿ ಎಳೆಯುದ್ದಕ್ಕೆ ಚಾಚಿದ, ಒಂದರೊಳಗೊಂದು ಕೂತ ಅಂಡಾಕಾರದ ಉಂಗುರಗಳು ಬರುತ್ತವೆ. ಬಾಯಿ ತಿರುಳಿನ ಕಡೆಗಿದ್ದು ಬಟ್ಟಲು ಆಳವಿಲ್ಲದೆ ಹರವಾಗಿದ್ದರೆ ತಳದ ಎರಡು ಕಡೆಯಿಂದ ಬಾಗಿ ದೂರ ಸರಿಯುವ ಗೆರೆಗಳು. ಎರಡೂ ಚಂದವೇ. ಕೆಡುವುದು ಉಂಗುರ ಒಂದು ಪಕ್ಕಕ್ಕೆ ಜಾರಿದಾಗ. ದಿಮ್ಮಿಯ ಎರಡೂ ತುದಿಯಲ್ಲಿ ತಿರುಳಿನಿಂದ ಒಂದೇ ಉಂಗುರದವರೆಗೆ ಅಳೆಯಿರಿ, ಅಂತರ ಒಂದೇ ಬರುವಂತೆ ಟೇಲ್‌ಸ್ಟಾಕ್ ತುದಿಯ ಮೊನೆಯನ್ನು ಕೆಲವು ಮಿಮೀ ಸರಿಸಿ. ಒರಟು ಕಡೆಯುವ ಹಂತದಲ್ಲಿ, ಟೆನನ್ ಮಾಡುವ ಮೊದಲೇ ಇದು ಆಗಬೇಕು. ಚಕ್‌ಗೆ ಹೋದ ಮೇಲೆ ಕಾಲ ಮೀರಿತು.

ಚಿತ್ರ ಸರಿಯಿದ್ದೂ ಮಂಕಾಗಿ ಕಂಡರೆ ರಂಧ್ರಗಳಲ್ಲಿ ಪುಡಿ ತುಂಬಿದೆ. ಬ್ರಷ್‌ನಿಂದ ಎಳೆಯುದ್ದಕ್ಕೆ ತೆಗೆದು, ಸ್ಪಿರಿಟ್ ಸವರಿ ನೋಡಿ. ಸ್ಪಿರಿಟ್ ಹಸಿಯಿರುವ ಅರೆಕ್ಷಣ ಕಾಣುವ ಬಣ್ಣವೇ ಪಾಲಿಶ್ ಆದ ಮೇಲಿನದು. ಬೀಟೆಗೆ ಮಾತ್ರ ಸ್ಪಿರಿಟ್ ಧಾರಾಳ ಹಾಕಬೇಡಿ, ಕೆಚ್ಚಿನ ನೇರಳೆ ಬಣ್ಣ ಹರಿದು ಬಿಳಿ ಅಂಚಿಗೆ ಇಳಿಯುತ್ತದೆ. ಕಡೆದ ಹಲಸು ಹಳದಿಯಿಂದ ಕಂದಿಗೆ ತಿರುಗುವುದು ಬೆಳಕಿನ ಕೆಲಸ. ಕಿಟಕಿಯ ಹತ್ತಿರ ಇಟ್ಟ ಬಟ್ಟಲಿನ ಒಂದೇ ಮೈ ಕಪ್ಪಾದರೆ ಅದು ದೋಷವಲ್ಲ, ತಿರುಗಿಸಿ ಇಡಿ.

ಪಾಲಿಶ್ ಮೇಲಿನ ತಕರಾರು

ಬಿಳಿ ಮಬ್ಬು: ಮಳೆಗಾಲದಲ್ಲಿ ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅರಗಿನ ಪದರದೊಳಗೆ ಸಿಕ್ಕಿಬೀಳುತ್ತದೆ. ಮಧ್ಯಾಹ್ನ ಕೋಣೆ ಬೆಚ್ಚಗಿರುವಾಗ ಸ್ಪಿರಿಟ್ ತೇವ ಮಾಡಿದ ಬಟ್ಟೆಯನ್ನು ಹಗುರಾಗಿ ಒಮ್ಮೆ ಎಳೆದರೆ ಮಬ್ಬು ಹೋಗುತ್ತದೆ. ಎಸಿ ಇರುವ ಕೋಣೆಯಲ್ಲಿ ಪಾಲಿಶ್ ಮಾಡಿದರೆ ಬರುವುದೇ ಇಲ್ಲ.

ಒಣಗದ ಅಂಟು: ಚಪಡಾ ಅರಗು 200–250 ಗ್ರಾಂ ಒಂದು ಲೀಟರ್ ಸ್ಪಿರಿಟ್‌ಗೆ, ಮಾಡಿದ ಆರು ತಿಂಗಳೊಳಗೆ ಬಳಸಬೇಕು. ಹಳೆಯದರ ಮೇಲೆ ಸಂಶಯವಿದ್ದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಮಾರನೆಯ ದಿನ ಉಗುರು ಒತ್ತಿ. ಗುರುತು ಬಿದ್ದರೆ ಚೆಲ್ಲಿ. ಅಗಸೆ ಎಣ್ಣೆ ಅಂಟಾಗಿ ಉಳಿದರೆ ಬೇಯಿಸದ ಕಚ್ಚಾ ಎಣ್ಣೆ ತಂದಿದ್ದೀರಿ, ಅಥವಾ ಹೆಚ್ಚಾದದ್ದನ್ನು ಇಪ್ಪತ್ತು ನಿಮಿಷದೊಳಗೆ ಒರೆಸಿಲ್ಲ, ಅಥವಾ ಮರ ತೇಗ, ಬೀಟೆ. ಇವುಗಳಲ್ಲಿರುವ ಎಣ್ಣೆಯಂಶ ನಾವು ಹಚ್ಚಿದ ಎಣ್ಣೆ ಗಟ್ಟಿಯಾಗಲು ಬಿಡದು. ಮೊದಲು ಥಿನ್ನರ್‌ನಿಂದ ಒರೆಸಿ, ಮೇಣ ತೆಗೆದ ಅರಗಿನ ಒಂದು ತೆಳು ಕೋಟ್ ಕೊಟ್ಟು, ಅದರ ಮೇಲೆ ಬೇಕಾದ್ದು ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತನ್ನಷ್ಟಕ್ಕೆ ಹೊತ್ತಿಕೊಳ್ಳುತ್ತದೆ. ನೀರಿನ ಬಕೆಟ್‌ಗೆ ಹಾಕಿ.

ಚನ್ನಪಟ್ಟಣದ ಮಾದರಿಯಲ್ಲಿ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೇ ಒತ್ತಿ ಬಣ್ಣ ಕೂರಿಸುವವರಿಗೆ: ಅರಗು ಚುಕ್ಕೆ ಚುಕ್ಕೆಯಾಗಿ ಕೂತರೆ ವೇಗ ಸಾಲದು, ಉಜ್ಜಿದ ಬಿಸಿಗೆ ಕರಗುತ್ತಿಲ್ಲ. ಗುಳ್ಳೆ ಎದ್ದರೆ ಮರ ಹಸಿ. ಅಲ್ಲಿ ಆಲೆ ಮರ ಹಿಡಿದುಕೊಂಡಿರುವುದು ಸುಮ್ಮನಲ್ಲ, ಅದರ ನುಣುಪಾದ ಬಿಳಿ ಎಳೆಯಲ್ಲಿ ಅರಗಿನ ಪದರ ಒಡೆಯುವುದಿಲ್ಲ. ತೇಗದ ರಂಧ್ರಗಳ ಮೇಲೆ ಒಡೆಯುತ್ತದೆ.

ತಿಂಡಿ ಹಾಕಿ ತಿನ್ನುವ ಬಟ್ಟಲಿಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ನಾಲ್ಕು ಭಾಗ, ಜೇನುಮೇಣ ಒಂದು ಭಾಗ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಕೊಬ್ಬರಿ ಎಣ್ಣೆ, ಕಡಲೆ ಎಣ್ಣೆ ಬೇಡ, ಕಮಟು ವಾಸನೆ ಬರುತ್ತದೆ.

ಕಪ್ಪು ಕಲೆ, ಕುಟ್ಟೆ

ಟೆನನ್ ಸುತ್ತ, ಕೈ ಒದ್ದೆಯಿದ್ದಲ್ಲಿ, ನೀಲಿಗಪ್ಪು ಕಲೆ ಕಂಡರೆ ಕಬ್ಬಿಣ. ಉಪ್ಪುಗಾಳಿಗೆ ತುಕ್ಕು ಹಿಡಿದ ಜಾ, ಲೇತ್‌ನ ಹಾಸು, ಸ್ಟೀಲ್ ವೂಲ್ ಚೂರು, ಇವು ಹಸಿ ಮರದ ಒಗರಿನೊಡನೆ ಸೇರಿ ಶಾಯಿಯಾಗುತ್ತವೆ. ಮಾರ್ಬಲ್ ತೊಳೆಯಲು ಮಾರುವ ಆಕ್ಸಾಲಿಕ್ ಆಸಿಡ್ 50 ಗ್ರಾಂ ಒಂದು ಲೀಟರ್ ಬೆಚ್ಚನೆ ನೀರಿಗೆ ಹಾಕಿ, ಕಲೆಗಷ್ಟೇ ಅಲ್ಲ ಇಡೀ ಮೈಗೆ ಬಳಿದು, ಇಪ್ಪತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಅದು ವಿಷ. ಕೈಗವಸು ಬೇಕು, ತೊಳೆಯದೆ ಒಣಗಿದ ಮೈಯನ್ನು ಉಜ್ಜಿ ಪುಡಿ ಏಳಿಸಬಾರದು. ತಿನ್ನುವ ಬಟ್ಟಲಿಗೆ ಈ ಉಪಾಯ ಮಾಡಬೇಡಿ, ಕಡೆದೇ ತೆಗೆಯಿರಿ.

ಬಟ್ಟಲಿನ ಕೆಳಗೆ ಹಿಟ್ಟಿನಂಥ ನುಣುಪು ಪುಡಿ, ಬಿಳಿ ಭಾಗದಲ್ಲಿ 1–2 ಮಿಮೀ ದುಂಡು ತೂತು ಇದ್ದರೆ ಕುಟ್ಟೆ (ಮರ ಕೊರೆಯುವ ಹುಳು). ಜೀವಂತವಿದೆಯೇ ತಿಳಿಯಲು ಕಪ್ಪು ಕಾಗದದ ಮೇಲೆ ತಟ್ಟಿ, ಪುಡಿ ಒರೆಸಿ, ವಾರ ಬಿಟ್ಟು ನೋಡಿ. ಹೊಸ ಪುಡಿ ಬಿದ್ದಿದ್ದರೆ ಇದೆ. ಪಾಲಿಶ್ ಆಗದ ಮರಕ್ಕೆ ಬೋರಾಕ್ಸ್, ಬೋರಿಕ್ ಆಸಿಡ್ ಕಲಸಿದ ಶೇ. 5ರ ನೀರು ನಡೆಯುತ್ತದೆ, ಪಾಲಿಶ್ ಆದದ್ದರೊಳಗೆ ಅದು ಇಳಿಯದು. ಅಂಥದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, –18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ದಿನ ಚೀಲ ಬಿಚ್ಚಬೇಡಿ. ಮರ ಕೋಣೆಯ ಬಿಸಿಗೆ ಬರುವ ಮೊದಲೇ ಬಿಚ್ಚಿದರೆ ಗಾಳಿಯ ನೀರು ಅದರ ಮೈಮೇಲೆ ಕೂತು, ಅರಗಿನ ಪಾಲಿಶ್ ಮತ್ತೆ ಬೆಳ್ಳಗಾಗುತ್ತದೆ.